ಹತ್ತೊಂಬತ್ತು ಕಿಲೋ ಪುಣ್ಯ

ನಮ್ಮ ಬೀದಿಯ ಕೊನೆಯಲ್ಲೊಂದು ದಿನಸಿ ಅಂಗಡಿಯಿದೆ. ಅಕ್ಕಿ ಮೂಟೆ ತೂಗುವ ಅವರ ತಕ್ಕಡಿಯ ಮೇಲೆ ಒಂದು ಭಾನುವಾರ ನಮ್ಮಕ್ಕನ ಗಾಲಿಕುರ್ಚಿಯನ್ನು ಮಡಿಸಿ ಇಟ್ಟೆ. ಅಂಗಡಿಯವರು ನನ್ನ ಮುಖ ನೋಡಿ, "ಏನ್ ಮೇಡಂ, ಗುಜರಿಗೆ ಹಾಕ್ತೀರಾ?" ಎಂದರು. "ಇಲ್ಲಪ್ಪ, ನನ್ನ ಸೊಂಟಕ್ಕೊಂದು ಲೆಕ್ಕ ಬೇಕಾಗಿತ್ತು" ಎಂದೆ. 19 ಕಿಲೋ ತೋರಿಸಿತು.

ಅಕ್ಕನನ್ನು ಒಮ್ಮೆ ಹೊರಗೆ ಕರೆದುಕೊಂಡು ಹೋಗಿ ಬರಬೇಕೆಂದರೆ ಆ ಕುರ್ಚಿಯನ್ನು ನಾಲ್ಕು ಸಲ ಎತ್ತಬೇಕು. ಮನೆ ಮುಂದೆ ಕಾರಿಗೆ ಹಾಕುವಾಗ ಒಂದು, ಹೋದ ಕಡೆ ಇಳಿಸುವಾಗ ಇನ್ನೊಂದು, ಹೊರಡುವಾಗ ಮತ್ತೊಂದು, ಮನೆಗೆ ಬಂದ ಮೇಲೆ ಕೊನೆಯದು. ಅಂದರೆ 76 ಕಿಲೋ. ಬ್ಯಾಂಕು, ದೇವಸ್ಥಾನ ಎಂದು ಎರಡು ಕಡೆ ನಿಲ್ಲಿಸಿದರೆ 114 ಕಿಲೋ. ಕಾರಿನ ಡಿಕ್ಕಿಯ ಅಂಚು ನನ್ನ ತೊಡೆಯ ಮಟ್ಟಕ್ಕಿದೆ. ಕುರ್ಚಿಯನ್ನು ಅಂಚು ದಾಟಿಸಿ, ಕೈ ಚಾಚಿ, ಒಳಗೆ ಮಲಗಿಸಬೇಕು. ಭಾರ ಮೈಗೆ ಅಂಟಿಕೊಂಡಿದ್ದರೆ ಒಂದು ಮಾತು. ಕೈ ಚಾಚಿದಷ್ಟೂ ಬೆನ್ನಿನ ಮೇಲೆ ಬೀಳುವ ಒತ್ತಡ ಏರುತ್ತದೆ. ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟುಕೊಳ್ಳುವುದಕ್ಕೂ ಕೈ ಚಾಚಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸವನ್ನು ನೀರು ಹೊತ್ತು ಬೆಳೆದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅಕ್ಕನಿಗೆ ಮೂರನೇ ವರ್ಷದಲ್ಲಿ ಪೋಲಿಯೋ ಬಂದಿತ್ತು. ಊರುಗೋಲಿನ ಮೇಲೆಯೇ ಶಾಲೆ ಮುಗಿಸಿದಳು, ಹೊಲಿಗೆ ಕಲಿತಳು. ಅರಸೀಕೆರೆಯಲ್ಲಿ ನಮ್ಮ ಬಡಾವಣೆಯ ಹೆಂಗಸರ ರವಿಕೆಗಳೆಲ್ಲ ಅವಳ ಕೈಯಲ್ಲೇ ಆದವು. ಕಾಲು ಮಾಡಬೇಕಾದ ಕೆಲಸವನ್ನು ನಲವತ್ತು ವರ್ಷಕ್ಕೂ ಮೇಲ್ಪಟ್ಟು ಭುಜಗಳು ಮಾಡಿದರೆ ಭುಜವಾದರೂ ಎಷ್ಟು ದಿನ ತಡೆದೀತು? 2014ರಲ್ಲಿ ಅವೂ ಸೋತವು. ಗಾಲಿಕುರ್ಚಿ ಬಂತು. ಎರಡು ವರ್ಷದ ಮೇಲೆ, ನಲವತ್ತಾರನೇ ವಯಸ್ಸಿನಲ್ಲಿ, ಬೀದಿಯವರು ನಗುವುದನ್ನೂ ಲೆಕ್ಕಿಸದೆ ನಾನು ಕಾರು ಕಲಿತೆ. ಇನ್ನು ನಮ್ಮಿಬ್ಬರನ್ನು ಹಿಡಿಯುವವರಿಲ್ಲ ಎಂದುಕೊಂಡಿದ್ದೆವು.

2019ರಲ್ಲಿ ಹಾಸನದಲ್ಲಿ ಸಂಬಂಧಿಕರ ಮದುವೆ. ಊಟ ಮುಗಿಸಿ ಹೊರಡುವಾಗ ಮಳೆ. ರೇಷ್ಮೆ ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಕುರ್ಚಿ ಎತ್ತಿದೆ. ಕಾಲಿಡುವ ತಟ್ಟೆ ಮೊಣಕಾಲಿಗೆ ಬಡಿಯಿತು, ಮೈ ತಿರುಚಿಕೊಂಡಿತು, ಸೊಂಟದಲ್ಲಿ ಏನೋ ಛಳಕ್ಕೆಂದಿತು. ಮೂರು ವಾರ ಹಾಸಿಗೆ. ನೋಡಿದ ಡಾಕ್ಟರು, "ಇನ್ನು ಮೇಲೆ ಭಾರ ಎತ್ತಬಾರದು" ಎಂದರು. "ಮತ್ತೆ ಕುರ್ಚಿ ಎತ್ತುವವರು ಯಾರು ಡಾಕ್ಟರೇ?" ಎಂದರೆ, "ಮನೇಲಿ ಗಂಡಸರು ಇಲ್ವಾ?" ಎಂದು ಚೀಟಿ ಬರೆದುಕೊಟ್ಟರು. ಇದ್ದಾರೆ ಸ್ವಾಮಿ. ಇದ್ದವರು ಅವರವರ ಕೆಲಸಕ್ಕೆ ಹೋಗಿರುತ್ತಾರೆ. ಅಕ್ಕನಿಗೆ ಬೇಕಾದ ಲೈನಿಂಗ್ ಬಟ್ಟೆ ಅವರ ರಜಾ ದಿನ ನೋಡಿಕೊಂಡು ಮುಗಿಯುವುದಿಲ್ಲ.

ಆದರೆ ನಾನು ಬರೆಯಲು ಹೊರಟದ್ದು ನನ್ನ ಸೊಂಟದ ಕಥೆಯಲ್ಲ. ಸೊಂಟ ಒಂದು ಮಟ್ಟಕ್ಕೆ ವಾಸಿಯಾಯಿತು. ವಾಸಿಯಾಗದೆ ಹೋದದ್ದು ಬೇರೆ. ಅಂದಿನಿಂದ ಅಕ್ಕ ಹೊರಗೆ ಬರುವುದನ್ನೇ ಬಿಟ್ಟಳು. ಜಾತ್ರೆಗೆ ಕರೆದರೆ, "ಬೇಡ ಕಣೇ, ಗದ್ದಲ" ಎನ್ನುವಳು. ಮದುವೆಗೆ ಕರೆದರೆ, "ನೀನು ಹೋಗಿ ಬಾ, ನನಗೆ ಅರ್ಜೆಂಟ್ ರವಿಕೆ ಇದೆ". ಬಟ್ಟೆ ಅಂಗಡಿಗೆ ಕರೆದರೆ, "ನೀನೇ ತಾ, ಬಣ್ಣ ಹೇಳ್ತೀನಿ". ಯಾರೂ ಅವಳನ್ನು ಬರಬೇಡ ಎನ್ನಲಿಲ್ಲ. ಬಾಗಿಲಿಗೆ ಬೀಗ ಹಾಕಲಿಲ್ಲ. ನನ್ನ ನೋವು ನೋಡಿದ ಅವಳು ತನ್ನ ಆಸೆಯನ್ನೇ ಮಡಿಸಿಟ್ಟುಬಿಟ್ಟಳು. ನಾಲ್ಕು ವರ್ಷ ಹೀಗೆ ಕಳೆಯಿತು. ಬಂದವರೆಲ್ಲ, "ಪಾಪ, ಅವರಿಗೆ ಹೊರಗೆ ಹೋಗಲು ಇಷ್ಟವಿಲ್ಲ" ಎಂದು ನಂಬಿಕೊಂಡರು. ಒಂದಷ್ಟು ದಿನ ನಾನೂ ನಂಬಿದೆ.

ನಿಮ್ಮ ಮನೆಯಲ್ಲೂ ಹೀಗೆ "ನನಗೆ ಬೇಡಮ್ಮ" ಎನ್ನುವ ಅತ್ತೆಯೋ ಮಾವನೋ ಇರಬಹುದು. ಅವರು ನಿಜಕ್ಕೂ ಬೇಡ ಎನ್ನುತ್ತಿದ್ದಾರೆಯೇ, ಅಥವಾ ನಿಮ್ಮ ಸೊಂಟಕ್ಕೆ ಕರುಣೆ ತೋರಿಸುತ್ತಿದ್ದಾರೆಯೇ ಎಂದು ಒಮ್ಮೆ ಕೇಳಿ ನೋಡಿ.

ಈಗ ನನ್ನ ಸಿಟ್ಟಿನ ವಿಷಯಕ್ಕೆ ಬರುತ್ತೇನೆ. ನಾನು ಸಮಾಜ ವಿಜ್ಞಾನದ ಟೀಚರು. ಒಮ್ಮೆ ವಿಜ್ಞಾನದ ಮೇಷ್ಟ್ರು ಚುನಾವಣಾ ಕೆಲಸಕ್ಕೆ ಹೋದಾಗ ಅವರ ತರಗತಿ ನನ್ನ ಪಾಲಿಗೆ ಬಂತು. ಪಾಠ ಸರಳ ಯಂತ್ರಗಳದು: ಸನ್ನೆಕೋಲು, ರಾಟೆ, ಇಳಿಜಾರು. ಭಾರ ಎತ್ತುವಾಗ ಮೈಗೆ ಬೀಳುವ ಶ್ರಮ ತಗ್ಗಲೆಂದು ಮನುಷ್ಯ ಸಾವಿರಾರು ವರ್ಷಗಳ ಹಿಂದೆಯೇ ಇವನ್ನು ಕಂಡುಕೊಂಡ ಎಂದು ಮಕ್ಕಳಿಗೆ ಓದಿ ಹೇಳುತ್ತ ಹೇಳುತ್ತ ನನಗೇ ನಾಚಿಕೆಯಾಯಿತು. ಬಾವಿಗೆ ರಾಟೆ ಇದೆ. ಲಾರಿಗೆ ಮೂಟೆ ಹೇರಲು ಹಲಗೆ ಇದೆ. ಕಟ್ಟಡದ ಕೆಲಸಕ್ಕೆ ಕ್ರೇನ್ ಇದೆ. ಗಾಲಿಕುರ್ಚಿಯನ್ನು ಕಾರಿಗೆ ಹಾಕಲು ಮಾತ್ರ ಹೆಂಗಸಿನ ಬೆನ್ನಿದೆ!

ಯಂತ್ರ ಇಲ್ಲವೆಂದೇನಲ್ಲ. ಡಿಕ್ಕಿಯೊಳಗೆ ಕೂರಿಸುವ ಹಾಯಿಸ್ಟ್ ಎಂಬ ಪುಟ್ಟ ಕ್ರೇನು ಇದೆ. ಕಾರಿನ ಬ್ಯಾಟರಿಯಿಂದಲೇ ನಡೆಯುತ್ತದೆ. ಕುರ್ಚಿಗೆ ಕೊಕ್ಕೆ ಸಿಕ್ಕಿಸಿ ಗುಂಡಿ ಒತ್ತಿದರೆ ಪಟ್ಟಿ ಸುತ್ತಿಕೊಂಡು ಕುರ್ಚಿ ಮೇಲೇಳುತ್ತದೆ. ಒಂದು ಕೈಯಲ್ಲಿ ಒಳಕ್ಕೆ ತಿರುಗಿಸಿದರೆ ಆಯಿತು. ಕಾರಿನ ತಲೆಯ ಮೇಲೆ ಕೂರುವ ಪೆಟ್ಟಿಗೆಯೂ ಇದೆ. ತಾನೇ ಕಾರು ಓಡಿಸುವ ಅಂಗವಿಕಲರು ಸೀಟಿನಲ್ಲಿ ಕುಳಿತೇ ಗುಂಡಿ ಒತ್ತಿದರೆ ಅದು ಮಡಿಸಿದ ಕುರ್ಚಿಯನ್ನು ಮೇಲಕ್ಕೆಳೆದು ತನ್ನೊಳಗೆ ಮಲಗಿಸಿಕೊಳ್ಳುತ್ತದೆ. ಬ್ಯಾಟರಿ ಕುರ್ಚಿಯಂಥ ಭಾರದ ಕುರ್ಚಿಗೆ ಕಾರಿನ ಹಿಂದೆ ಜೋಡಿಸುವ ಏರಿಳಿಯುವ ಹಲಗೆಯಿದೆ. ನೆಲ ತಗ್ಗಿಸಿದ ವ್ಯಾನುಗಳಲ್ಲಿ ಕುರ್ಚಿಯಲ್ಲಿ ಕುಳಿತವರು ಕುಳಿತಂತೆಯೇ ಇಳಿಜಾರಿನ ಮೇಲೆ ಒಳಗೆ ಹೋಗುತ್ತಾರೆ. ಹೊರಕ್ಕೆ ತಿರುಗುವ ಸೀಟುಗಳೂ ಇವೆ. ಅವುಗಳಿಂದ ಕಾರಿನೊಳಗೆ ಹೋಗುವುದು ಮನುಷ್ಯರು ಮಾತ್ರ, ಕುರ್ಚಿ ಹೊರಗೇ ಉಳಿಯುತ್ತದೆ. ಈ ಎರಡು ಬೇರೆ ಬೇರೆ ಕಷ್ಟ ಎಂಬುದು ಎತ್ತಿದವರಿಗೆ ಮಾತ್ರ ಗೊತ್ತು.

ಮಡಚುವ ಗಾಲಿಕುರ್ಚಿ ಹುಟ್ಟಿದ್ದೇ ಕಾರಿಗಾಗಿ. ಅಮೆರಿಕದಲ್ಲಿ ಹರ್ಬರ್ಟ್ ಎವರೆಸ್ಟ್ ಎಂಬ ಗಣಿ ಎಂಜಿನಿಯರು ಅವಘಡದಲ್ಲಿ ಬೆನ್ನು ಮುರಿದುಕೊಂಡಿದ್ದರು. ಆಗಿನ ಭಾರೀ ಕುರ್ಚಿ ಕಾರಿಗೆ ಹಿಡಿಯುತ್ತಿರಲಿಲ್ಲ. ಅವರೂ ಅವರ ಗೆಳೆಯ ಹ್ಯಾರಿ ಜೆನ್ನಿಂಗ್ಸ್ ಎಂಬ ಎಂಜಿನಿಯರೂ ಸೇರಿ 1933ರಲ್ಲಿ ಉಕ್ಕಿನ ಕೊಳವೆಗಳನ್ನು ಕತ್ತರಿಯಂತೆ ಜೋಡಿಸಿ ಮಡಚುವ ಕುರ್ಚಿ ಮಾಡಿದರು. ಇಂದು ನಮ್ಮ ಆಸ್ಪತ್ರೆಗಳಲ್ಲಿ ಕಾಣುವ ಕುರ್ಚಿಗಳೆಲ್ಲ ಅದೇ ವಂಶದವು. ಅಲ್ಲಿಯವರು ಅಷ್ಟಕ್ಕೇ ನಿಲ್ಲಲಿಲ್ಲ. ಸ್ನಾಯುಗಳು ಸೊರಗುವ ಕಾಯಿಲೆಯಿದ್ದ ರಾಲ್ಫ್ ಬ್ರಾನ್ 1970ರ ಹೊತ್ತಿಗೆ ವ್ಯಾನಿಗೇ ಲಿಫ್ಟ್ ಜೋಡಿಸಿಕೊಂಡರು. ಬ್ರಿಟನ್ನಿನಲ್ಲಿ 1977ರಲ್ಲಿ ಮೊಟಬಿಲಿಟಿ ಎಂಬ ಯೋಜನೆ ಶುರುವಾಯಿತು. ಅಂಗವಿಕಲರು ತಮಗೆ ಬರುವ ಭತ್ಯೆಯ ಹಣದಲ್ಲೇ ಕಾರು ಪಡೆಯಬಹುದು, ಹಾಯಿಸ್ಟನ್ನೂ ಅಳವಡಿಸಿಕೊಳ್ಳಬಹುದು. ನಾವೋ, 1933ರ ಕುರ್ಚಿಯನ್ನು ಮಡಿಸಿ, ಸೆರಗು ಸಿಕ್ಕಿಸಿ, ದೇವರ ಹೆಸರು ಹೇಳಿ ಎತ್ತುತ್ತಿದ್ದೇವೆ.

ನಮ್ಮೂರ ಕಡೆಯ ಶೋರೂಮೊಂದಕ್ಕೆ ಹೋಗಿ ಹಾಯಿಸ್ಟ್ ಬಗ್ಗೆ ವಿಚಾರಿಸಿದೆ. ಮಾರಾಟದ ಹುಡುಗ ವಿನಯದಿಂದಲೇ ಹಾಡು ಕೇಳುವ ಪೆಟ್ಟಿಗೆ, ಸೀಟಿನ ಹೊದಿಕೆ, ಹಿಂದೆ ನೋಡುವ ಕ್ಯಾಮರಾ ಎಲ್ಲ ತೋರಿಸಿದ. ಇನ್ನೊಂದು ಕಡೆ, "ಸಿಎನ್‌ಜಿ ತಗೊಳ್ಳಿ ಮೇಡಂ, ಖರ್ಚು ಕಮ್ಮಿ" ಎಂದರು. ಡಿಕ್ಕಿ ತೆರೆದರೆ ಅರ್ಧಕ್ಕಿಂತ ಹೆಚ್ಚು ಜಾಗದಲ್ಲಿ ಗ್ಯಾಸಿನ ಸಿಲಿಂಡರು! ಬಾಡಿಗೆ ಕಾರುಗಳಲ್ಲೂ ಇದೇ ಪಾಡು. ಕುರ್ಚಿಯನ್ನು ತಲೆಯ ಮೇಲಿನ ಕ್ಯಾರಿಯರ್‌ಗೆ ಹಗ್ಗದಲ್ಲಿ ಬಿಗಿಯಬೇಕು. ಚಾಲಕ ಮುಖ ಸಿಂಡರಿಸಿದರೆ ಹತ್ತು ರೂಪಾಯಿ ಹೆಚ್ಚು ಕೊಟ್ಟು ಸಮಾಧಾನ ಮಾಡಬೇಕು.

"ಎಷ್ಟು ಜನಕ್ಕೆ ಬೇಕಾದೀತು ಇದೆಲ್ಲ? ನಮ್ಮಲ್ಲಿ ಎತ್ತುವ ಕೈಗಳಿಗೆ ಬರವೇ?" ಎನ್ನುವವರಿದ್ದಾರೆ. ಕೈಗಳಿವೆ, ನಿಜ. ಕೈ ಸಿಗಬೇಕಾದರೆ ಕಾಯಬೇಕು, ಕೇಳಬೇಕು, ಹಲ್ಲು ಗಿಂಜಬೇಕು. ಪಕ್ಕದ ಮನೆಯ ಹುಡುಗ ಎರಡು ಸಲ ಪ್ರೀತಿಯಿಂದ ಎತ್ತುತ್ತಾನೆ, ಮೂರನೆಯ ಸಲ ನಮ್ಮನ್ನು ಕಂಡು ಬೈಕ್ ತಿರುಗಿಸುತ್ತಾನೆ. ತಪ್ಪು ಅವನದಲ್ಲ. ಪ್ರತಿ ಸಲ ಮನೆಯಿಂದ ಹೊರಡಲು ಇನ್ನೊಬ್ಬರ ಹಂಗಿಗೆ ಬೀಳಬೇಕೆಂದರೆ ಸ್ವಾಭಿಮಾನವಿರುವ ಯಾರು ಹೊರಡುತ್ತಾರೆ? ನಮ್ಮಕ್ಕ ಒಂದು ರವಿಕೆಯ ಹೊಲಿಗೆಯನ್ನೂ ಸಾಲ ಉಳಿಸಿಕೊಂಡವಳಲ್ಲ.

ಕಾನೂನು ಇಲ್ಲವೇ ಎಂದರೆ, ಇದೆ. ಪಾಠ ಮಾಡುವವಳಾದ್ದರಿಂದ ಇಸವಿಗಳೂ ಬಾಯಿಗೆ ಬರುತ್ತವೆ. 1995ರಲ್ಲಿ ಒಂದು ಅಧಿನಿಯಮ. 2015ರ ಡಿಸೆಂಬರ್ 3ರಂದು ಸುಗಮ್ಯ ಭಾರತ ಅಭಿಯಾನ. 2016ರಲ್ಲಿ ಅಂಗವಿಕಲರ ಹಕ್ಕುಗಳ ಅಧಿನಿಯಮ. ಅದರ 41ನೇ ಕಲಂ ಸಾರಿಗೆಯ ಬಗ್ಗೆಯೇ ಇದೆ. ಕಚೇರಿಗಳ ಮುಂದೆ ಇಳಿಜಾರು ಬಂದಿದೆ, ಒಳ್ಳೆಯದಾಯಿತು. ಆ ಇಳಿಜಾರಿನ ತನಕ ಕುರ್ಚಿ ಬರುವುದು ಹೇಗೆ? ಆಕಾಶದಿಂದ ಇಳಿಯಬೇಕೇ? ಮೋಟಾರು ವಾಹನ ಕಾಯಿದೆಯನ್ನು 2019ರಲ್ಲಿ ತಿದ್ದಿ, ಅಶಕ್ತರ ಗಾಡಿ ಎಂಬರ್ಥದ ಹಳೆಯ ಹೆಸರನ್ನು ತೆಗೆದು, ಮಾರ್ಪಡಿಸಿದ ವಾಹನ ಎಂಬ ಮರ್ಯಾದೆಯ ಹೆಸರು ಕೊಟ್ಟರು. ಆದರೆ ಅಂಥ ವಾಹನವನ್ನು ಅಂಗವಿಕಲರಿಗಾಗಿ ಮಾತ್ರವೇ ಬಳಸಬೇಕು ಎಂದು ಅದರ ಅರ್ಥ ಬರೆದಿದ್ದಾರೆ. ನಮ್ಮಂಥ ಮನೆಯಲ್ಲಿ ಇರುವುದೇ ಒಂದು ಕಾರು. ಅದರಲ್ಲೇ ಅಕ್ಕ, ಅದರಲ್ಲೇ ಅಕ್ಕಿ ಮೂಟೆ, ಅದರಲ್ಲೇ ನಾನು ಶಾಲೆಗೆ. ಇನ್ನು ತೆರಿಗೆ ನೋಡಿ: ಗಾಲಿಕುರ್ಚಿಗೆ ಶೇಕಡಾ 5 ಜಿಎಸ್‌ಟಿ ಬಿದ್ದದ್ದು 2017ರಲ್ಲಿ. ಅದರ ಬಿಡಿಭಾಗಗಳಿಗೋ ಶೇಕಡಾ 28! 2018ರ ಡಿಸೆಂಬರಿನಲ್ಲಿ ಅದನ್ನೂ 5ಕ್ಕೆ ಇಳಿಸುವ ತೀರ್ಮಾನವಾಗುವ ಹೊತ್ತಿಗೆ ಒಂದೂವರೆ ವರ್ಷ ಕಳೆದಿತ್ತು. ಕುರ್ಚಿಯ ಚಕ್ರವೂ ಐಷಾರಾಮದ ವಸ್ತು ಎಂದು ಬರೆದ ಕೈಗಳು ಎಂದಾದರೂ ಒಂದು ಕುರ್ಚಿ ಎತ್ತಿದ್ದವೇ?

ಸರ್ಕಾರವನ್ನೇ ಬೈಯುವುದು ಸುಲಭ. ದಾನಿಗಳ ಮಾತೂ ಆಡಬೇಕು. ಅಕ್ಕನ ಮೊದಲ ಕುರ್ಚಿ ಒಂದು ಸಮಾರಂಭದ ವೇದಿಕೆಯಲ್ಲಿ ಸಿಕ್ಕಿತು. ಹಾರ, ಫೋಟೋ, ಎಲ್ಲರಿಗೂ ಒಂದೇ ಅಳತೆಯ ಕುರ್ಚಿ. ಮನೆ ಎಂಥದು, ಹೋಗಿ ಬರುವುದು ಯಾವುದರಲ್ಲಿ, ಎತ್ತುವವರು ಯಾರು ಎಂದು ಒಬ್ಬರೂ ಕೇಳಲಿಲ್ಲ. ಚಿಕ್ಕಮಕ್ಕಳ ಚಪ್ಪಲಿ ತರುವಾಗಲೂ ನಾವು ಕಾಲಿನ ಅಳತೆ ಕೇಳುತ್ತೇವೆ.

ಕೊನೆಗೆ ನನ್ನ ತಪ್ಪೂ ಹೇಳಿಬಿಡುತ್ತೇನೆ. ಮಹಿಳಾ ದಿನಾಚರಣೆಯೊಂದರಲ್ಲಿ ನನ್ನನ್ನು ಕರೆದು ಶಾಲು ಹೊದಿಸಿ, "ಅಕ್ಕನಿಗೆ ತಾಯಿಯಾದವರು" ಎಂದರು. ಬೆನ್ನಿಗೆ ಬೆಲ್ಟು ಕಟ್ಟಿಕೊಂಡೇ ವೇದಿಕೆ ಹತ್ತಿದ್ದೆ. ಚಪ್ಪಾಳೆ ಹಿತವಾಗಿತ್ತು. ಮನೆಗೆ ಬಂದಾಗ ಅಕ್ಕ ಶಾಲು ಮುಟ್ಟಿ ನೋಡಿ, "ಬಟ್ಟೆ ಚೆನ್ನಾಗಿದೆ" ಎಂದಳು, ಮತ್ತೇನೂ ಹೇಳಲಿಲ್ಲ. ನನ್ನ ಹಿರಿಮೆಗೆ ಅವಳು ಹೊರೆಯಾಗಿ ನಿಲ್ಲಬೇಕಾಯಿತು ಎಂಬುದು ನನಗೆ ಆಗ ಹೊಳೆಯಲಿಲ್ಲ. ಸೇವೆ, ತ್ಯಾಗ, ಪುಣ್ಯ ಎಂದು ಹೊಗಳುವವರಿಗೆ ಒಂದು ಅನುಕೂಲವಿದೆ: ಹೊಗಳಿಕೆಗೆ ಖರ್ಚಿಲ್ಲ, ಹಾಯಿಸ್ಟಿಗೆ ಖರ್ಚಿದೆ. ನಾವು ಹೊಗಳಿಸಿಕೊಂಡು ಎತ್ತುತ್ತಿರುವಷ್ಟು ದಿನ ಯಾರೂ ಯಂತ್ರ ತರುವುದಿಲ್ಲ.

2023ರಲ್ಲಿ ನಾನು ಹಟ ತೊಟ್ಟೆ. ಆ ಸರಳ ಯಂತ್ರಗಳ ಪಾಠ ನೆನೆದು ವೆಲ್ಡಿಂಗ್ ಅಂಗಡಿಯಲ್ಲಿ ನಾಲ್ಕು ಅಡಿಯ ಹಲಗೆಗೆ ಕಬ್ಬಿಣದ ಕೊಕ್ಕೆ ಹಾಕಿಸಿದೆ. ಹಿಂದಿನ ಸೀಟು ಮಡಿಸಿ, ಹಲಗೆಯನ್ನು ಡಿಕ್ಕಿಯ ಅಂಚಿಗೆ ಸಿಕ್ಕಿಸಿ, ಕುರ್ಚಿಯನ್ನು ಉರುಳಿಸಿಕೊಂಡು ಮೇಲೇರಿಸಿದೆ. ಕೆಲಸ ಮಾಡಿತು. ಮಳೆಯಲ್ಲಿ ಒಮ್ಮೆ ಜಾರಿ ನನ್ನ ಪಾದದ ಮೇಲೂ ಬಿತ್ತು. ಆಮೇಲೆ ಚೀಟಿ ಹಣ ಬಂದಾಗ ಅಲ್ಯುಮಿನಿಯಂ ಕುರ್ಚಿ ಕೊಂಡೆವು. ಗಾಲಿಯ ನಡುವಿನ ಗುಂಡಿ ಒತ್ತಿದರೆ ಗಾಲಿ ಕಳಚಿ ಕೈಗೆ ಬರುತ್ತದೆ. ಉಳಿದದ್ದು 9 ಕಿಲೋ. ಚೀಟಿ ಬಂತು ಸರಿ, ಚೀಟಿ ಹಾಕಲೂ ಗತಿಯಿಲ್ಲದವರ ಕಥೆ? ನಾಳೆ 9 ಕಿಲೋ ಎತ್ತಲೂ ನನಗೆ ಆಗದಿದ್ದರೆ? ಹಲಗೆ ನಮ್ಮ ಉಪಾಯ, ಅಷ್ಟೇ. ಉಪಾಯ ಕಂಡುಕೊಂಡವರ ಬೆನ್ನು ತಟ್ಟಿ ಹಕ್ಕನ್ನು ಮರೆಸುವುದು ಬೇಡ.

ಆದ್ದರಿಂದ ಕೇಳುತ್ತಿದ್ದೇನೆ. ಕುರ್ಚಿ ಹಂಚುವವರು ಅಳತೆ ತೆಗೆದು, ಗಾಲಿ ಕಳಚುವ ಹಗುರ ಕುರ್ಚಿ ಹಂಚಲಿ. ಕಾರಿಗೆ ಹಾಕುವ ಸಾಧನವನ್ನೂ ಅದರ ಜೊತೆಗೇ ಲೆಕ್ಕ ಹಿಡಿಯಲಿ. ಕಾರು ಮಾರುವವರು ಜಿಲ್ಲೆಗೊಂದಾದರೂ ಹಾಯಿಸ್ಟ್ ಜೋಡಿಸಿದ ಕಾರು ಇಟ್ಟು ತೋರಿಸಲಿ. ಮನೆಯ ಒಂದೇ ಕಾರನ್ನು ಎಲ್ಲರೂ ಬಳಸುವ ನಮ್ಮಂಥವರನ್ನು ಕಾಯಿದೆ ಬರೆಯುವವರು ನೆನೆಯಲಿ. ಮತ್ತು ನೀವು, ಮುಂದಿನ ಸಲ ಕಾರು ನೋಡಲು ಹೋದಾಗ ಬಣ್ಣ, ಮೈಲೇಜು ಕೇಳಿದ ಮೇಲೆ, "ಡಿಕ್ಕಿಗೆ ಗಾಲಿಕುರ್ಚಿ ಹಿಡಿಯುತ್ತದೆಯೇ, ಹಾಕಲು ಏನು ಕೊಡುತ್ತೀರಿ?" ಎಂದೂ ಕೇಳಿ. ಈಗ ಮನೆಯಲ್ಲಿ ಯಾರಿಗೂ ಬೇಕಿಲ್ಲದಿದ್ದರೂ ಕೇಳಿ. ವಯಸ್ಸು ಎಲ್ಲರ ಮನೆಗೂ ಬರುತ್ತದೆ. ಹತ್ತು ಹೆಂಗಸರು ಕೇಳಿದರೆ ಹನ್ನೊಂದನೆಯವಳಿಗೆ ಆ ಹುಡುಗ ಹಾಡಿನ ಪೆಟ್ಟಿಗೆ ತೋರಿಸಲಾರ.

ಹೊಸ ಕುರ್ಚಿ ಬಂದ ವಾರವೇ ಅಕ್ಕ ಬಟ್ಟೆ ಅಂಗಡಿಗೆ ಹೊರಟಳು. ಲೈನಿಂಗ್ ಬಟ್ಟೆಯ ಥಾನುಗಳನ್ನು ಬಾಗಿಲ ಬೆಳಕಿಗೆ ತರಿಸಿ ಒಂದೊಂದನ್ನೂ ಬೆರಳಲ್ಲಿ ತಿಕ್ಕಿ ನೋಡಿದಳು. ಒಂದೂವರೆ ಗಂಟೆಯಾಯಿತು. ಕಾರಿನಲ್ಲಿ ಕುಳಿತ ಮೇಲೆ, "ನಾಲ್ಕು ವರ್ಷ ನೀನು ತಂದಿದ್ದರಲ್ಲಿ ಅರ್ಧ ತಪ್ಪು ಬಣ್ಣ ಕಣೇ. ಬೇಜಾರಾಗತ್ತೆ ಅಂತ ಹೇಳಿರಲಿಲ್ಲ" ಎಂದಳು. ಮನೆ ತಲುಪುವ ತನಕ ನನ್ನನ್ನು ಬೈದಳು. ಬೈಸಿಕೊಳ್ಳುತ್ತ ಗಾಡಿ ಓಡಿಸಿದೆ.