ಊಟ ಪುಕ್ಕಟೆ, ಬಾಗಿಲಿಗೆ ದುಡ್ಡು

ಬಡಿಸುವುದೂ ಒಂದು ಕಲೆಯೆಂದರೆ ನಮ್ಮಲ್ಲಿ ಯಾರೂ ಅಲ್ಲಗಳೆಯಲಾರರು. ಮದುವೆಮನೆಯಲ್ಲಿ ನೂರು ಎಲೆಗೂ ಸಾರನ್ನು ಒಂದೇ ಬಿಸಿಯಲ್ಲಿ ಮುಟ್ಟಿಸುವವನನ್ನು ಕಂಡವರಿಗೆ ಈ ವಿಷಯದಲ್ಲಿ ಸಂದೇಹವಿಲ್ಲ. ಆದರೆ ಪಾಶ್ಚಾತ್ಯ ವಿಮರ್ಶಕರಲ್ಲಿ ಕೆಲವರು ಹೇಳುವುದು ಬೇರೆ. ಅಪರಿಚಿತರನ್ನು ಕೂಡಿಸಿ ಉಣ್ಣಿಸಿದರೆ ಆ ಕೂಟವೇ ಕಲಾಕೃತಿಯಂತೆ; ಅಲ್ಲಿ ಮನುಷ್ಯ ಮನುಷ್ಯರ ನಡುವೆ ಹೊಸ ಸಂಬಂಧ ಕುದುರುತ್ತದಂತೆ! ಫ್ರಾನ್ಸಿನ ನಿಕೊಲಾ ಬುರಿಯೋ 1998ರಲ್ಲಿ ಇಂಥ ಕಲೆಗೊಂದು ಸಿದ್ಧಾಂತವನ್ನೇ ಕಟ್ಟಿದರು.

ಇದಕ್ಕೆಲ್ಲ ಮೇಲ್ಪಂಕ್ತಿ ರಿರ್ಕ್ರಿತ್ ತಿರವನಿಜ ಎಂಬ ಥಾಯ್ ಕಲಾವಿದರು. 1992ರಲ್ಲಿ ಅವರು ನ್ಯೂಯಾರ್ಕಿನ 303 ಗ್ಯಾಲರಿಯ ಆಫೀಸಿನ ಸಾಮಾನನ್ನೆಲ್ಲ ಪ್ರದರ್ಶನದ ಕೋಣೆಗೆ ಸಾಗಿಸಿ, ಬರಿದಾದ ಹಿಂಗೋಣೆಯಲ್ಲಿ ಒಲೆ ಹೂಡಿ, ಬಂದವರಿಗೆ ಅನ್ನ ಮತ್ತು ಥಾಯ್ ಕರ್ರಿ ಬಡಿಸಿದರು. ಚಿತ್ರ ಮಾರುವ ಮನೆಯಲ್ಲಿ ಇದು ಸೊಗಸಾದ ಚೇಷ್ಟೆಯೇ ಸರಿ. ಚೇಷ್ಟೆಯನ್ನು ಸಮಾಜಸುಧಾರಣೆ ಎಂದಾಗ ಮಾತ್ರ ನನ್ನ ತಕರಾರು. ಅಲ್ಲಿ ಉಂಡವರು ಬಹುಮಟ್ಟಿಗೆ ಕಲಾಲೋಕದವರೇ. ಕ್ಲೇರ್ ಬಿಷಪ್ 2004ರಲ್ಲೇ ಇದನ್ನು ಎತ್ತಿ ಆಡಿದ್ದರು. ಆ ಕೃತಿಯ ಹೆಸರಿನಲ್ಲಿ ‘ಫ್ರೀ’ ಎಂಬ ಮಾತಿದೆ. 2011ರ ನವೆಂಬರಿನಲ್ಲಿ ಅದೇ ನಗರದ ಆಧುನಿಕ ಕಲಾ ವಸ್ತುಸಂಗ್ರಹಾಲಯದಲ್ಲಿ ಅದರ ಒಲೆ ಮತ್ತೆ ಉರಿಯಿತು. ಆ ಸಂಗ್ರಹಾಲಯದ ವಯಸ್ಕರ ಟಿಕೇಟು ಅದೇ ಸೆಪ್ಟೆಂಬರಿನಲ್ಲಿ 20 ಡಾಲರಿನಿಂದ 25ಕ್ಕೆ ಏರಿತ್ತು!

ಒಟ್ಟಿಗೆ ಉಣ್ಣುವುದಕ್ಕೆ ಅರ್ಥ ಬರುವುದು ಪಂಕ್ತಿಯಿಂದ ಎಬ್ಬಿಸುವವರು ಇರುವ ಕಡೆ. ಎಬ್ಬಿಸುವುದೆಂದರೆ ಏನೆಂದು ನಾವು ಬುರಿಯೋ ಅವರನ್ನು ಓದಿ ತಿಳಿಯಬೇಕಾಗಿಲ್ಲ. ಕೇರಳದ ಚೆರಾಯಿಯಲ್ಲಿ 1917ರ ಮೇ 29ರಂದು ಸಹೋದರನ್ ಅಯ್ಯಪ್ಪನ್ ಎಂಬ ಈಳವ ತರುಣರು ತಮ್ಮವರನ್ನೂ, ತಮ್ಮವರು ಮುಟ್ಟಿಸಿಕೊಳ್ಳದಿದ್ದ ಪುಲಯರನ್ನೂ ಕೂಡಿಸಿ ಉಣ್ಣಿಸಿದರು. ಬಡಿಸಿದ್ದು ಅನ್ನ, ಹಲಸಿನ ಬೀಜ ಮತ್ತು ಕಡಲೆಯ ಪಲ್ಯ. ಉಂಡವರಿಗೆ ಸ್ವಜಾತಿಯ ಬಹಿಷ್ಕಾರ ಬಂತು. ‘ಪುಲಯನ್ ಅಯ್ಯಪ್ಪನ್’ ಎಂದು ಜನ ಬೈದರು. ಅವರು ಅದನ್ನು ಬಿರುದಿನಂತೆ ಧರಿಸಿದರು. ಅದೂ ಗೊತ್ತು ಮಾಡಿದ ದಿನ, ನಾಲ್ಕು ಜನರ ಕಣ್ಣೆದುರು, ಬೇಕೆಂದೇ ನಡೆಸಿದ ಆಚರಣೆ. ಪ್ರದರ್ಶನವೆಂದರೆ ಅದು. ನ್ಯೂಯಾರ್ಕಿನಲ್ಲಿ ಉಂಡವರು ಕೈ ಒರಸಿಕೊಂಡು ಮನೆಗೆ ಹೋದರು. ಮರುದಿನ ಯಾರ ಮನೆಯ ಬಾಗಿಲೂ ಅವರಿಗೆ ಮುಚ್ಚಲಿಲ್ಲ.

ಇಂಥ ಭೋಜನಕಲೆಯನ್ನು ನಮ್ಮ ಊರಿಗೆ ತರಬಯಸುವ ಉತ್ಸಾಹಿಗಳಿದ್ದರೆ ಬೇಡವೆನ್ನಲು ನಾನಾರು? ಆಮಂತ್ರಣಪತ್ರ ಅಚ್ಚು ಹಾಕಿಸುವ ಮುನ್ನ, ಅಂದು ಪಾತ್ರೆ ತೊಳೆಯಲು ಬಂದವರಿಗೆ ಎಲೆ ಯಾವ ಸಾಲಿನಲ್ಲಿ, ಎಷ್ಟನೆಯ ಪಂಕ್ತಿಗೆ ಎಂಬುದನ್ನು ತಿಳಿಸಲಿ.