ಕ್ಲಚ್ ಪೆಡಲಿನ ಬಿರುಕು ಮತ್ತು ದುರಸ್ತಿಯ ವಿವೇಕ

ಹಳೆಯ ವಾಹನವೊಂದನ್ನು ಕಂಡಾಗ ನಮ್ಮ ಸಮಾಜ ಇಂದು ಕೇಳುವ ಮೊದಲ ಪ್ರಶ್ನೆ ‘ಎಷ್ಟು ವರ್ಷವಾಯಿತು?’ ಎಂಬುದು. ‘ಹೇಗಿದೆ?’ ಎಂಬ ಪ್ರಶ್ನೆ ಆಮೇಲೆ ಬರುತ್ತದೆ. ಎಷ್ಟೋ ಸಲ ಬರುವುದೇ ಇಲ್ಲ. ಮೊದಲನೆಯ ಪ್ರಶ್ನೆಗೆ ಕಾಗದಪತ್ರ ನೋಡಿ ಉತ್ತರಿಸಬಹುದು. ಎರಡನೆಯದಕ್ಕೆ ಯಾರಾದರೂ ವಾಹನದ ಕೆಳಗೆ ಮಲಗಿ ನೋಡಬೇಕು. ಹಾಗೆ ನೋಡಬಲ್ಲವರ ವಿದ್ಯೆಗೆ ನಾವು ಕೊಡುತ್ತಿರುವ ಬೆಲೆ ದಿನೇದಿನೇ ಇಳಿಯುತ್ತಿದೆ ಎಂಬುದು ನಮ್ಮ ಅಭಿಪ್ರಾಯ. ಕ್ಲಚ್ ಪೆಡಲನ್ನು ಹಿಡಿದು ನಿಲ್ಲಿಸುವ ಒಂದು ಸಾಮಾನ್ಯ ಬ್ರಾಕೆಟ್ಟನ್ನು ಮುಂದಿಟ್ಟುಕೊಂಡು ಈ ಮಾತನ್ನು ವಿಚಾರಿಸಬಯಸುತ್ತೇವೆ.

ಶಿರೂರು ಎಂದೊಡನೆ ಊರ ಕಡೆಯ ಓದುಗರಿಗೆ ಉಡುಪಿ ಜಿಲ್ಲೆಯ ಶಿರೂರೋ ಅಂಕೋಲಾದ ಶಿರೂರೋ ನೆನಪಾದೀತು. ನಾವಿರುವುದು ಪುಣೆ ಜಿಲ್ಲೆಯ ಶಿರೂರಿನಲ್ಲಿ. ಘೋಡ್ ನದಿಯ ದಂಡೆಯಲ್ಲಿರುವ ಇದನ್ನು ಇಲ್ಲಿನ ಹಳಬರು ಘೋಡನದಿ ಎಂದೇ ಕರೆಯುತ್ತಾರೆ. ಇದೇ ತಾಲ್ಲೂಕಿನ ರಾಂಜಣಗಾವದಲ್ಲಿ ಅಷ್ಟವಿನಾಯಕರಲ್ಲೊಬ್ಬನಾದ ಮಹಾಗಣಪತಿಯ ಗುಡಿಯಿದೆ. ಅದರ ಸಮೀಪದ ಕೈಗಾರಿಕಾ ಪ್ರದೇಶದಲ್ಲಿ ಹೊಸ ಕಾರುಗಳು ತಯಾರಾಗುತ್ತವೆ. ಹೆದ್ದಾರಿಯ ಬದಿಯ ತಗಡಿನ ಗ್ಯಾರೇಜುಗಳಲ್ಲಿ ಹಳೆಯ ಕಾರುಗಳೂ ಈರುಳ್ಳಿ ಹೊರುವ ಪಿಕಪ್ಪುಗಳೂ ಮತ್ತೆ ಓಡಾಡುವ ಶಕ್ತಿ ಪಡೆಯುತ್ತವೆ. ಹುಟ್ಟಿಸುವ ಕೆಲಸಕ್ಕೂ ಉಳಿಸುವ ಕೆಲಸಕ್ಕೂ ನಡುವೆ ಇಲ್ಲಿ ಕೆಲವೇ ಮೈಲಿಗಳ ಅಂತರ. ಆದರೆ ಒಂದಕ್ಕೆ ಇರುವ ಗೌರವ ಇನ್ನೊಂದಕ್ಕಿಲ್ಲ.

ನಮ್ಮ ಮನೆಯ ಕಾರಿಗೆ ಇಪ್ಪತ್ತು ವರ್ಷ ದಾಟಿದೆ. ಅದರ ಕ್ಲಚ್ ಪೆಡಲು ಒಂದು ಪಕ್ಕಕ್ಕೆ ವಾಲತೊಡಗಿದಾಗ, ದೊಡ್ಡ ವರ್ಕ್‌ಶಾಪೊಂದರಲ್ಲಿ ತೋರಿಸಿದೆವು. ಪೆಡಲಿನ ಬ್ರಾಕೆಟ್ಟು ಕೂತಿರುವ ತಗಡೇ ಬಿರುಕು ಬಿಟ್ಟಿದೆ, ಆ ಭಾಗ ಬಿಡಿಯಾಗಿ ಸಿಗುವುದಿಲ್ಲ, ಎದುರಿನ ಇಡೀ ಗೋಡೆಯನ್ನೇ ಬದಲಿಸಬೇಕು ಎಂದರು. ಹೇಳಿದ ಖರ್ಚು ಕಾರಿನ ಮಾರಾಟದ ಬೆಲೆಯನ್ನು ಮೀರಿತ್ತು. ‘ಇಷ್ಟು ಹಳೆಯದಕ್ಕೆ ಯಾಕೆ ಸುರಿಯುತ್ತೀರಿ?’ ಎಂಬ ಹಿತವಚನವೂ ಸಿಕ್ಕಿತು. ಕಾರಿನ ಬಾನೆಟ್ಟನ್ನು ಮಾತ್ರ ಅಲ್ಲಿ ಯಾರೂ ಎತ್ತಿರಲಿಲ್ಲ.

ಶಿರೂರಿನ ಗ್ಯಾರೇಜಿನ ಮಿಸ್ತ್ರಿ ಮಾಡಿದ ಮೊದಲ ಕೆಲಸವೇ ಬಾನೆಟ್ ಎತ್ತಿದ್ದು. ನಮಗೆ ಪೆಡಲು ಒತ್ತಿ ಬಿಡುವಂತೆ ಹೇಳಿ, ತಾವು ಎಂಜಿನ್ನಿನ ಕಡೆಯಿಂದ ಆ ಗೋಡೆಯನ್ನು ನೋಡುತ್ತ ನಿಂತರು. ಪ್ರತಿ ಒತ್ತಿಗೂ ತಗಡು ಉಸಿರಾಡುವಂತೆ ಉಬ್ಬಿ ತಗ್ಗುತ್ತಿತ್ತು. ಆಮೇಲೆ ಕ್ಲಚ್ ಕೇಬಲ್ಲನ್ನು ಬಿಚ್ಚಿ ಕೈಯಿಂದ ಎಳೆದು ನೋಡಿ ಮರಾಠಿಯಲ್ಲಿ ಅವರು ಹೇಳಿದ್ದರ ಸಾರಾಂಶ ಇಷ್ಟು: “ಇದು ತಾನಾಗಿ ಮುರಿದಿಲ್ಲ ಸಾಹೇಬ, ಬೇರೆಯದು ಇದನ್ನು ಮುರಿಯುತ್ತಿದೆ. ಅದನ್ನು ಬಿಟ್ಟು ಇದಕ್ಕೆ ಬೆಸುಗೆ ಹಾಕಿದರೆ ಆರು ತಿಂಗಳಿಗೆ ಮತ್ತೆ ಬರುತ್ತೀರಿ.”

ಈ ಮಾತಿನ ಹಿಂದಿರುವ ಲೆಕ್ಕ ಸರಳವಾದದ್ದು. ಪೆಡಲು ಒಂದು ಸನ್ನೆ. ಅದರ ಅನುಪಾತ ಒಂದಕ್ಕೆ ಐದು ಎಂದಿಟ್ಟುಕೊಂಡರೆ, ಪಾದ 10 ಕಿಲೋ ಭಾರ ಹಾಕಿದಾಗ ಕೇಬಲ್ಲಿನ ಮೇಲೆ 50 ಕಿಲೋದಷ್ಟು ಸೆಳೆತ ಬೀಳುತ್ತದೆ. ಕೇಬಲ್ಲು ಕೀಲಿನ ಮೇಲ್ತುದಿಗೆ ಸಿಕ್ಕಿಸಿರುವ ಪೆಡಲಿನಲ್ಲಿ ಇವೆರಡರ ಮೊತ್ತ, ಹೆಚ್ಚುಕಡಿಮೆ 60 ಕಿಲೋ, ಕೀಲನ್ನು ಹಿಡಿದಿರುವ ಬ್ರಾಕೆಟ್ಟಿನ ಮೇಲೆ ಬರುತ್ತದೆ. ಕೇಬಲ್ಲಿನ ಒಳಹೊದಿಕೆ ಸವೆದರೆ, ಕ್ಲಚ್ಚಿನ ಪ್ರೆಷರ್ ಪ್ಲೇಟ್ ಬಿಗಿಯಾದರೆ ಈ ಭಾರ ಇನ್ನೂ ಏರುತ್ತದೆ. ವಾಘೋಲಿ, ಶಿಕ್ರಾಪುರಗಳ ವಾಹನದಟ್ಟಣೆಯಲ್ಲಿ ದಿನಕ್ಕೆ 300 ಬಾರಿ ಕ್ಲಚ್ ಒತ್ತಿದರೂ ವರ್ಷಕ್ಕೆ ಲಕ್ಷ ಸಲ ದಾಟುತ್ತದೆ. ತಗಡು ಒಂದೇ ಏಟಿಗೆ ಮುರಿಯುವುದಿಲ್ಲ. ಅದು ದಣಿಯುತ್ತದೆ; ಸ್ಪಾಟ್ ವೆಲ್ಡಿನ ಅಂಚಿನಲ್ಲೋ ಬೋಲ್ಟಿನ ತೂತಿನ ಬದಿಯಲ್ಲೋ ಕೂದಲೆಳೆಯಷ್ಟು ಸೀಳು ಹುಟ್ಟಿ ಮೆಲ್ಲನೆ ಮುಂದೆ ಸಾಗುತ್ತದೆ.

ಇಂಗ್ಲಿಷ್ ಸಾಹಿತ್ಯ ಓದಿದ ನಮಗೆ ಇಲ್ಲಿ ನೆವಿಲ್ ಶೂಟ್ 1948ರಲ್ಲಿ ಪ್ರಕಟಿಸಿದ ‘ನೋ ಹೈವೇ’ ಕಾದಂಬರಿ ನೆನಪಾಗುತ್ತದೆ. ಸ್ವತಃ ವಿಮಾನ ಎಂಜಿನಿಯರಾಗಿದ್ದ ಶೂಟ್, ವಿಮಾನದ ಬಾಲದ ಲೋಹ ದಣಿದು ಮುರಿಯುತ್ತದೆಂದು ಹೇಳಿ ಯಾರನ್ನೂ ನಂಬಿಸಲಾರದ ವಿಜ್ಞಾನಿಯೊಬ್ಬನ ಕಥೆ ಬರೆದರು. ಆರು ವರ್ಷಗಳ ತರುವಾಯ, 1954ರಲ್ಲಿ, ಬ್ರಿಟನ್ನಿನ ಎರಡು ಕಾಮೆಟ್ ಜೆಟ್ ವಿಮಾನಗಳು ಆಕಾಶದಲ್ಲೇ ಛಿದ್ರವಾದವು. ತನಿಖೆಯಲ್ಲಿ ಗೊತ್ತಾದ ಕಾರಣ ಲೋಹದ ದಣಿವೇ.

ಸರಿಯಾದ ದುರಸ್ತಿಯ ಕ್ರಮವೂ ಈ ತಿಳಿವಳಿಕೆಯಿಂದಲೇ ಹುಟ್ಟುತ್ತದೆ. ಮೊದಲು ಬ್ಯಾಟರಿಯ ಸಂಪರ್ಕ ತಪ್ಪಿಸಿ, ಕಾಲಡಿಯ ಹಾಸು, ಗೋಡೆಗೆ ಅಂಟಿಸಿದ ಶಬ್ದನಿರೋಧಕ ಹೊದಿಕೆ, ಹಿಂಬದಿಯ ವೈರುಗಳು ಎಲ್ಲವನ್ನೂ ಸರಿಸಬೇಕು. ಕಿಡಿ ಬಿದ್ದರೆ ಇವೇ ಹೊತ್ತಿಕೊಳ್ಳುವುದು. ಬಣ್ಣ ಕೆರೆದು, ಬಿರುಕು ಎಲ್ಲಿ ಮುಗಿಯುತ್ತದೆಂದು ಕಂಡುಹಿಡಿದು, ಆ ತುದಿಗೆ ಸಣ್ಣದೊಂದು ತೂತು ಕೊರೆಯಬೇಕು. ಚೂಪಾದ ತುದಿ ದುಂಡಗಾದರೆ ಸೀಳು ಮುಂದೆ ಹರಿಯುವುದು ನಿಲ್ಲುತ್ತದೆ. ತೆಳು ತಗಡಿಗೆ ಸಾಮಾನ್ಯ ಆರ್ಕ್ ವೆಲ್ಡಿಂಗ್ ಹೊಂದದು, ತೂತು ಬಿದ್ದೀತು. ಗ್ಯಾರೇಜಿನವರು ‘ಸಿಓಟು’ ಎನ್ನುವ ವೆಲ್ಡಿಂಗ್ ಬೇಕು, ಅದನ್ನೂ ತುಸುತುಸುವೇ ಹಾಕುತ್ತ ಹೋಗಬೇಕು. ಅದರ ಮೇಲೆ, ಮೂಲೆಗಳನ್ನು ದುಂಡಗೆ ಮಾಡಿದ ದಪ್ಪ ತಗಡಿನ ಪಟ್ಟಿಯೊಂದನ್ನು ಬೆಸೆದು ಭಾರವನ್ನು ಅಗಲವಾದ ಜಾಗಕ್ಕೆ ಹಂಚಬೇಕು. ತುಕ್ಕುನಿರೋಧಕ ಬಣ್ಣ ಬಳಿದ ಮೇಲೆ ಕೇಬಲ್ಲನ್ನೂ ಪೆಡಲಿನ ಬುಷ್‌ಗಳನ್ನೂ ಹೊಸದಾಗಿ ಹಾಕಬೇಕು. ನಮ್ಮ ಕಾರಿಗೆ ಇಷ್ಟೂ ಆಯಿತು. ಪೆಡಲು ಹಗುರವಾಯಿತು, ಗೋಡೆ ಅಲುಗುವುದು ನಿಂತಿತು.

ಈಗ ನಮ್ಮ ವಾದಕ್ಕೆ ಬರೋಣ. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಒಂದು ಹಳೆಯ ಮೇಜನ್ನು ವಿಲೇವಾರಿ ಮಾಡಬೇಕಾದರೂ 2017ರ ಸಾಮಾನ್ಯ ಹಣಕಾಸು ನಿಯಮಾವಳಿಯ ಪ್ರಕಾರ ಅದು ನಿರುಪಯುಕ್ತವೇಕೆ ಎಂಬ ಕಾರಣವನ್ನು ಸಕ್ಷಮ ಅಧಿಕಾರಿ ಬರೆದಿಡಬೇಕು. ಆದರೆ 2023ರ ಜನವರಿಯ ಅಧಿಸೂಚನೆಯಂತೆ, ಅದೇ ಏಪ್ರಿಲ್ 1ರಿಂದ, 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣವಾಗುವುದಿಲ್ಲ. ರಕ್ಷಣೆ, ಕಾನೂನು ಸುವ್ಯವಸ್ಥೆಗಳ ಕೆಲವು ವಿಶೇಷ ವಾಹನಗಳಿಗಷ್ಟೇ ವಿನಾಯಿತಿ. ಮೇಜಿಗೆ ಕಾರಣ ಬೇಕು, ವಾಹನಕ್ಕೆ ಪಂಚಾಂಗ ಸಾಕು. ನಿಯಮವನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುತ್ತಿದ್ದೇವೆ, ಅಷ್ಟೆ. ಖಾಸಗಿ ಕಾರುಗಳಿಗೆ 15 ವರ್ಷದ ಬಳಿಕ ತಪಾಸಣೆ ನಡೆಸಿ ಐದೈದು ವರ್ಷ ನವೀಕರಿಸುವ ಅವಕಾಶವಿದೆ, ಅದು ನ್ಯಾಯವಾದ ದಾರಿ. ಆದರೆ 600 ರೂಪಾಯಿಯಿದ್ದ ಅದರ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿಗೆ ಏರಿತು. ಸುಸ್ಥಿತಿಯಲ್ಲಿಟ್ಟುಕೊಂಡವರಿಗೂ ಇಡದವರಿಗೂ ಒಂದೇ ದರ.

ಎದುರು ಪಕ್ಷದ ಮಾತಿನಲ್ಲಿ ಸತ್ಯವಿಲ್ಲವೆಂದಲ್ಲ. ಹಳೆಯ ಎಂಜಿನ್ನುಗಳ ಹೊಗೆ ನಮ್ಮ ಮಕ್ಕಳ ಶ್ವಾಸಕೋಶಕ್ಕೇ ಹೋಗುವುದು. ಎಷ್ಟೋ ವಾಹನಗಳಲ್ಲಿ ಕ್ಲಚ್ಚಿಗೂ ಬ್ರೇಕಿಗೂ ಒಂದೇ ಬ್ರಾಕೆಟ್. ಅಡ್ಡಾದಿಡ್ಡಿ ಬೆಸುಗೆ ಹಾಕಿ ಕಳಿಸಿದರೆ ಪ್ರಾಣಕ್ಕೇ ಸಂಚಕಾರ. ಅಂಥ ಗ್ಯಾರೇಜುಗಳೂ ಇವೆ. ಆದರೆ ಇದಕ್ಕೆ ಉತ್ತರ ಕಟ್ಟುನಿಟ್ಟಾದ ತಪಾಸಣೆ ಮತ್ತು ತರಬೇತಿ. ಹೊಗೆ ಉಗುಳುವ ಐದು ವರ್ಷದ ಲಾರಿಯನ್ನು ಬಿಟ್ಟು, ಜೋಪಾನವಾಗಿಟ್ಟ ಇಪ್ಪತ್ತು ವರ್ಷದ ಕಾರನ್ನು ಹಿಡಿಯುವುದರಿಂದ ಗಾಳಿ ಶುದ್ಧವಾಗದು.

ದುರಸ್ತಿಗಾರನ ಕೈ ಕಟ್ಟಿರುವ ಇನ್ನೊಂದು ಸಂಗತಿ ಬಿಡಿಭಾಗಗಳದು. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗವು, ಬಿಡಿಭಾಗಗಳನ್ನೂ ತಾಂತ್ರಿಕ ಮಾಹಿತಿಯನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ 14 ಕಾರು ತಯಾರಕರಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮಿಕ್ಕಿ ದಂಡ ವಿಧಿಸಿತು. ವಿಷಯ ಮೇಲ್ಮನವಿಗಳಿಗೆ ಹೋಯಿತು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ‘ದುರಸ್ತಿಯ ಹಕ್ಕಿ’ನ ಬಗ್ಗೆ ಸಮಿತಿ ರಚಿಸಿ, ಅದೇ ಡಿಸೆಂಬರ್‌ನಲ್ಲಿ ಜಾಲತಾಣವನ್ನೂ ತೆರೆಯಿತು, ಅದರ ವ್ಯಾಪ್ತಿಯಲ್ಲಿ ವಾಹನಗಳೂ ಇವೆ. ಇದು ಸ್ವಾಗತಾರ್ಹ. ಆದರೆ ಕಾನೂನಿನ ಬಲವಿಲ್ಲದ ಹಕ್ಕು ಶಿರೂರಿನ ಗ್ಯಾರೇಜಿನ ತನಕ ನಡೆದು ಬರಲಾರದು. ಒಂದು ಮಾದರಿಯ ತಯಾರಿಕೆ ನಿಂತ ಮೇಲೂ ಇಂತಿಷ್ಟು ವರ್ಷ ಅದರ ಬಿಡಿಭಾಗ ಮತ್ತು ನಕ್ಷೆಗಳು ಯಾವ ಮಿಸ್ತ್ರಿಗಾದರೂ ಸಿಗಬೇಕೆಂಬ ಕಟ್ಟಳೆ ಬರಬೇಕೆಂಬುದು ನಮ್ಮ ಆಗ್ರಹ.

ನಮ್ಮ ಹಳ್ಳಿಗಳ ಆಯಗಾರರಲ್ಲೂ ಮಹಾರಾಷ್ಟ್ರದ ಬಾರಾ ಬಲುತೇದಾರರಲ್ಲೂ ಕಮ್ಮಾರನಿಗೆ ವರ್ಷಕ್ಕೊಮ್ಮೆ ಸುಗ್ಗಿಯಲ್ಲಿ ಕಾಳು ಸಲ್ಲುತ್ತಿತ್ತು. ವರ್ಷವಿಡೀ ನೇಗಿಲಿನ ಗುಳವನ್ನು ಸರಿಯಾಗಿಡುವುದು ಅವನ ಹೊಣೆ. ಜಾತಿಯ ಕಟ್ಟಿಗೆ ಸಿಕ್ಕಿದ್ದ ಆ ವ್ಯವಸ್ಥೆ ಮರಳಿ ಬರಬೇಕಾಗಿಲ್ಲ. ಆದರೆ ಅದರಲ್ಲೊಂದು ವಿವೇಕವಿತ್ತು: ಗುಳ ಬೇಗ ಮುರಿದರೆ ಕಮ್ಮಾರನಿಗೆ ಲಾಭವಿರಲಿಲ್ಲ, ಕೆಲಸ ಹೆಚ್ಚುತ್ತಿತ್ತು. ಇಂದು ಮಾರುವವನೇ ದುರಸ್ತಿಯ ಬೀಗದಕೈಯನ್ನೂ ಇಟ್ಟುಕೊಂಡಿದ್ದಾನೆ. ವಸ್ತು ಬೇಗ ಹಳತಾದಷ್ಟೂ ಅವನಿಗೆ ಅನುಕೂಲ.

ಹೊರನಾಡಿನಲ್ಲಿರುವ ನಾವು, ಪುಣೆಯಲ್ಲಾಗಲಿ ದೆಹಲಿಯಲ್ಲಾಗಲಿ, ಬಂಧುಗಳಿಗಿಂತ ಮೊದಲು ನೆಚ್ಚಿಕೊಳ್ಳುವುದು ಇಂಥ ಕಸುಬುದಾರರನ್ನೇ. ಕನ್ನಡದಲ್ಲಿ ‘ಬೆಸುಗೆ’ ಲೋಹಕ್ಕೂ ಸಲ್ಲುತ್ತದೆ, ಸಂಬಂಧಕ್ಕೂ ಸಲ್ಲುತ್ತದೆ. ಓದುಗರಲ್ಲಿ ನಮ್ಮದೊಂದು ವಿನಂತಿ: ಹಳೆಯ ವಸ್ತುವನ್ನು ಬಿಸಾಡುವ ಸಲಹೆ ಬಂದಾಗ, ಸಲಹೆ ಕೊಟ್ಟವರು ಅದನ್ನು ಬಿಚ್ಚಿ ನೋಡಿದ್ದಾರೆಯೇ ಎಂದು ಕೇಳಿ. ನೋಡಿದವರು ಬೇಡವೆಂದರೆ ಒಪ್ಪಿಕೊಳ್ಳಿ. ನೋಡಿ ಉಳಿಸಿಕೊಟ್ಟರೆ, ಅವರು ಕೇಳಿದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ.