ಹೊರದೇಶಕ್ಕೆ ಹೋದರೆ ಒಂದು ಇತಿಹಾಸದ ಕೋರ್ಸ್ ತಗೊಳ್ಳಿ

ಎಕ್ಸ್‌ಚೇಂಜ್ ಸೆಮಿಸ್ಟರ್‌ಗೆ ಹೊರಡೋರು ಸಾಮಾನ್ಯವಾಗಿ ಬ್ರಾಂಚ್ ಸಬ್ಜೆಕ್ಟ್‌ಗಳನ್ನೇ ಆರಿಸಿಕೊಳ್ತಾರೆ. ಇತಿಹಾಸ, ಸಮಾಜಶಾಸ್ತ್ರ ಅಂದ್ರೆ ನಮ್ಮಲ್ಲಿ ಬಹಳ ಜನಕ್ಕೆ ಟೈಮ್ ವೇಸ್ಟ್. ಈ ಲೆಕ್ಕ ಸರಿಯಿಲ್ಲ ಅಂತ ನಮಗನ್ನಿಸುತ್ತೆ.

ನೆದರ್ಲೆಂಡ್ಸ್ ನೋಡಿ. 1953ರ ಪ್ರವಾಹದಲ್ಲಿ ಅಲ್ಲಿ 1,800ಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಓಸ್ಟರ್‌ಸ್ಖೆಲ್ಡೆ ಅನ್ನೋ ಕಡಲ ಕವಲನ್ನು ಅಣೆಕಟ್ಟಿನಿಂದ ಪೂರ್ತಿ ಮುಚ್ಚುವ ಪ್ಲಾನ್ ಆಯ್ತು. ಮೀನುಗಾರರು, ಪರಿಸರವಾದಿಗಳು ವಿರೋಧಿಸಿದರು. ಡಿಸೈನೇ ಬದಲಾಯ್ತು. 1986ರಲ್ಲಿ ಉದ್ಘಾಟನೆಯಾದ ಆ ತಡೆಗೋಡೆಗೆ 62 ಗೇಟುಗಳಿವೆ. ಬಿರುಗಾಳಿ ಬಂದು ನೀರು ಏರಿದಾಗ ಮಾತ್ರ ಮುಚ್ಚುತ್ತವೆ. ಡೆಲ್ಫ್ಟ್‌ಗೆ ಹೋದ ನಮ್ಮ ಸಿವಿಲ್ ಗೆಳೆಯರು ಆ ಗೇಟಿನ ಲೋಡ್ ಲೆಕ್ಕ ಹಾಕಿದರೆ ಸಾಕೇ? ಗೇಟು ಯಾಕೆ ಬಂತು ಅನ್ನೋದು ಮೆಕ್ಯಾನಿಕ್ಸ್ ಪುಸ್ತಕದಲ್ಲಿಲ್ಲ.

ಅಮೆರಿಕದ ಎಂಐಟಿಯಲ್ಲಂತೂ ಮಾನವಿಕ, ಕಲೆ, ಸಮಾಜವಿಜ್ಞಾನದ 8 ಕೋರ್ಸ್ ಮುಗಿಸದೆ ಎಂಜಿನಿಯರಿಂಗ್ ಪದವಿಯೇ ಸಿಗಲ್ಲ.

ಓದೋದು ಜಾಸ್ತಿ, ಪ್ರಬಂಧ ಬರೀಬೇಕು, ಕ್ರೆಡಿಟ್ ಇಲ್ಲಿ ಲೆಕ್ಕಕ್ಕೆ ಬರದೇ ಇರಬಹುದು, ನಿಜ. ಅದಕ್ಕೇ ಕಾಲೇಜಿಗೆ ನಮ್ಮ ಬೇಡಿಕೆ: ಅಂಥ ಒಂದು ಕೋರ್ಸನ್ನು ಓಪನ್ ಎಲೆಕ್ಟಿವ್ ಅಂತ ಒಪ್ಪಿಕೊಳ್ಳಿ. ಹೊರಡುವವರಿಗೆ ವಿನಂತಿ: ಬ್ರಾಂಚ್ ಸಬ್ಜೆಕ್ಟ್ ಇಲ್ಲೂ ಸಿಗುತ್ತೆ. ಆ ಊರಿನ ಕಥೆಯನ್ನ ಆ ಊರವರ ಜೊತೆ ಕೂತು ಓದೋ ಅವಕಾಶ ಅಲ್ಲಿ ಮಾತ್ರ.